ನಡುನೀರಿನಲ್ಲಿ ಕೈಬಿಡದ ಬ್ಯಾಟರಿ ಆರಿಸುವುದು ಹೇಗೆ?

ಗಾಳ ಹಾಕಲು ಹೋಗುವ ದೋಣಿಗಳಲ್ಲಿ ಒಂದು ಸಣ್ಣ ವಿದ್ಯುತ್ ಮೋಟಾರ್ ಇರುತ್ತದೆ. ಟ್ರೋಲಿಂಗ್ ಮೋಟಾರ್ ಅನ್ನುತ್ತಾರೆ. ಮೀನು ಬೆದರದ ಹಾಗೆ, ಸದ್ದಿಲ್ಲದೆ ದೋಣಿಯನ್ನು ನಿಧಾನವಾಗಿ ನಡೆಸುವುದು ಅದರ ಕೆಲಸ. ಮೋಟಾರ್ ಕೈಕೊಡುವುದು ಕಡಿಮೆ. ಕೈಕೊಡುವುದು ಅದರ ಬ್ಯಾಟರಿ, ಅದೂ ದಡ ದೂರ ಇರುವಾಗಲೇ. ಒಮ್ಮೆ ನಾನು ಎದುರುಗಾಳಿಯಲ್ಲಿ ಹುಟ್ಟು ಹಾಕುತ್ತಾ, ತೋಳು ಸೋತು ದಡ ಸೇರಿದ್ದೆ. ಆ ಬ್ಯಾಟರಿಯ ಮೇಲೆ ‘100 ಆಂಪ್-ಅವರ್’ ಎಂದು ದಪ್ಪಗೆ ಬರೆದಿತ್ತು. ಸಂಖ್ಯೆ ಸುಳ್ಳಲ್ಲ. ನಾನು ಅದನ್ನು ಓದಿದ ರೀತಿ ತಪ್ಪು, ಅಷ್ಟೇ.

ಸತ್ತಿರುವುದು ಬ್ಯಾಟರಿಯೇ ಹೌದಾ?

ಹೊಸದು ಕೊಳ್ಳುವ ಮೊದಲು ಹಳೆಯದನ್ನು ಪರೀಕ್ಷಿಸಿ. ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಏನೂ ಜೋಡಿಸದೆ ಬಿಡಿ. ಬೆಳಿಗ್ಗೆ ಮಲ್ಟಿಮೀಟರ್ ಹಿಡಿಯಿರಿ. ಸೀಸದ ಬ್ಯಾಟರಿ ಚೆನ್ನಾಗಿದ್ದರೆ 12.6 ವೋಲ್ಟ್ ಅಥವಾ ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ. 12.2ರ ಹತ್ತಿರ ಇದ್ದರೆ ಅರ್ಧ ಖಾಲಿ ಎಂದರ್ಥ. ರಾತ್ರಿಯಿಡೀ ಚಾರ್ಜ್ ಆದ ಮೇಲೂ ಅಷ್ಟೇ ತೋರಿಸಿದರೆ ಅನುಮಾನ ಪಡಬೇಕು.

ಆಮೇಲೆ ಮೋಟಾರ್ ಓಡಿಸಿ ನೋಡಿ. ಪಂಖ ನೀರಿನೊಳಗೇ ಇರಲಿ. ಗಾಳಿಯಲ್ಲಿ ಸುಮ್ನೆ ತಿರುಗಿಸಿದರೆ ಭಾರವೇ ಬೀಳುವುದಿಲ್ಲ, ಪರೀಕ್ಷೆಯೂ ಆಗುವುದಿಲ್ಲ. ಪೂರ್ತಿ ವೇಗದಲ್ಲಿ ವೋಲ್ಟೇಜ್ ನೋಡನೋಡುತ್ತಲೇ 10.5ಕ್ಕಿಂತ ಕೆಳಗೆ ಕುಸಿದರೆ ಅದರ ಆಯಸ್ಸು ಮುಗಿದಿದೆ.

ಕುಸಿಯಲಿಲ್ಲವಾ? ಹಾಗಾದರೆ ತಪ್ಪು ಬೇರೆ ಕಡೆ ಇರಬಹುದು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದೆಯಾ? ಚಾರ್ಜ್ ಆಗುವಾಗ ವೋಲ್ಟೇಜ್ 14 ದಾಟುತ್ತದೆಯಾ? ದಾಟದಿದ್ದರೆ ಚಾರ್ಜರನ್ನೂ ಅನುಮಾನಿಸಿ. ಪಂಖ ಬಿಚ್ಚಿ ಅದರ ಹಿಂದೆಯೂ ನೋಡಿ. ಗಾಳದ ದಾರ ಅಲ್ಲಿ ಸುತ್ತಿಕೊಂಡಿದ್ದರೆ ಮೋಟಾರ್ ತಿಣುಕುತ್ತಾ ಜಾಸ್ತಿ ವಿದ್ಯುತ್ ಎಳೆಯುತ್ತದೆ. ಬೈಗುಳ ಮಾತ್ರ ಬ್ಯಾಟರಿಗೆ ಬೀಳುತ್ತದೆ!

ಮೋಟಾರಿನ ಹಸಿವು ಎಷ್ಟು?

ಮೋಟಾರಿಗೆ ಎಷ್ಟು ವೋಲ್ಟ್ ಬೇಕೆಂದು ಅದರ ಮೇಲೇ ಬರೆದಿರುತ್ತದೆ. ದೋಣಿಯನ್ನು ತಳ್ಳುವ ಬಲಕ್ಕೆ ಥ್ರಸ್ಟ್ ಅನ್ನುತ್ತಾರೆ. 55 ಪೌಂಡ್ ಥ್ರಸ್ಟ್ ವರೆಗಿನವು ಸಾಮಾನ್ಯವಾಗಿ 12 ವೋಲ್ಟಿನವು. 70–80 ಪೌಂಡಿನವಕ್ಕೆ 24, ನೂರು ದಾಟಿದವಕ್ಕೆ 36. ಇಲ್ಲಿ ಆಯ್ಕೆ ನಿಮ್ಮದಲ್ಲ, ಮೋಟಾರ್ ಕೇಳಿದ್ದನ್ನೇ ಕೊಡಬೇಕು.

ಎಷ್ಟು ಆಂಪ್ ಎಳೆಯುತ್ತದೆ ಅನ್ನುವುದು ಮುಂದಿನ ಪ್ರಶ್ನೆ. 12 ವೋಲ್ಟಿನ ಮೋಟಾರಿಗೆ ಒಂದು ಒರಟು ಲೆಕ್ಕವಿದೆ: ಪೂರ್ತಿ ವೇಗದಲ್ಲಿ ಪ್ರತಿ ಪೌಂಡ್ ಥ್ರಸ್ಟಿಗೆ ಹತ್ತಿರ ಹತ್ತಿರ ಒಂದು ಆಂಪ್. 30 ಪೌಂಡಿನದು 30 ಆಂಪ್, 55 ಪೌಂಡಿನದು ಸುಮಾರು 50. ಆದರೆ ದಿನವಿಡೀ ಪೂರ್ತಿ ವೇಗದಲ್ಲಿ ಯಾರೂ ಓಡಿಸುವುದಿಲ್ಲ. ದೋಣಿಯ ವೇಗ ಅರ್ಧಕ್ಕೆ ಇಳಿಸಿದರೆ ನೀರನ್ನು ಸೀಳಲು ಬೇಕಾಗುವ ಶಕ್ತಿ ಎಂಟನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ವೇಗದ ಗುಂಡಿ ಹಂತವಿಲ್ಲದೆ ತಿರುಗುವ ಎಲೆಕ್ಟ್ರಾನಿಕ್ ಮೋಟಾರುಗಳಲ್ಲಿ ಈ ಲಾಭ ಚೆನ್ನಾಗಿ ಸಿಗುತ್ತದೆ. ಐದು ಹಂತದ ಹಳೆಯ ಮಾದರಿಗಳಲ್ಲಿ ಅಷ್ಟು ಸಿಗುವುದಿಲ್ಲ. ವೇಗ ಇಳಿಸಲು ಅವು ಒಂದಷ್ಟು ವಿದ್ಯುತ್ತನ್ನು ಶಾಖ ಮಾಡಿ ಚೆಲ್ಲುತ್ತವೆ.

ನಿಮ್ಮ ಓಡಾಟದ ಸರಾಸರಿ 15 ಆಂಪ್ ಅಂದುಕೊಳ್ಳೋಣ. ನಾಲ್ಕು ಗಂಟೆ ನೀರಲ್ಲಿರುತ್ತೀರಿ. ಅಲ್ಲಿಗೆ 60 ಆಂಪ್-ಅವರ್ ಬೇಕು. ಅಂಗಡಿಗೆ ಹೋಗುವಾಗ ಈ ಸಂಖ್ಯೆ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಆ ‘100’ ಏನು ಹೇಳುತ್ತದೆ?

ನಾನು ಎಡವಿದ್ದು ಇಲ್ಲೇ. 100 ಆಂಪ್-ಅವರ್ ಅಂದರೆ 50 ಆಂಪಿನಂತೆ ಎರಡು ಗಂಟೆ ಬರುತ್ತದೆ ಅಂದುಕೊಂಡಿದ್ದೆ. ಸೀಸದ ಬ್ಯಾಟರಿಯ ಆ ಸಂಖ್ಯೆಯನ್ನು ಸಾಮಾನ್ಯವಾಗಿ 20 ಗಂಟೆಯ ಲೆಕ್ಕದಲ್ಲಿ ಕೊಡುತ್ತಾರೆ. ಅಂದರೆ 5 ಆಂಪಿನಂತೆ ನಿಧಾನವಾಗಿ ಎಳೆದರೆ 20 ಗಂಟೆ. ಜೋರಾಗಿ ಎಳೆದಷ್ಟೂ ಒಟ್ಟು ಸಿಗುವುದೇ ಕಡಿಮೆ. ಇದನ್ನು ಪ್ಯೂಕರ್ಟ್ ಎಂಬುವರು 1897ರಲ್ಲೇ ಸೂತ್ರ ಮಾಡಿಟ್ಟಿದ್ದಾರೆ. 50 ಆಂಪ್ ಎಳೆದರೆ ಎರಡು ಗಂಟೆ ಇರಲಿ, ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಬಂದರೆ ದೊಡ್ಡದು.

ಅದಕ್ಕೇ ಲೇಬಲ್ ಮೇಲೆ ‘ರಿಸರ್ವ್ ಕೆಪಾಸಿಟಿ’ ಹುಡುಕಿ. ಅದು ನಿಮಿಷಗಳಲ್ಲಿರುತ್ತದೆ: 25 ಆಂಪ್ ಎಳೆಯುತ್ತಿದ್ದರೆ 10.5 ವೋಲ್ಟಿಗೆ ಇಳಿಯುವ ತನಕ ಎಷ್ಟು ನಿಮಿಷ ಅನ್ನುವ ಲೆಕ್ಕ. 180 ನಿಮಿಷ ಎಂದಿದ್ದರೆ ಮೂರು ಗಂಟೆ, ಅಂದರೆ 75 ಆಂಪ್-ಅವರ್. ದೋಣಿಯ ಬದುಕಿಗೆ ಹತ್ತಿರದ ಸಂಖ್ಯೆ ಇದೇ.

‘ಸಿಸಿಎ’ ಎಂಬ ಸಂಖ್ಯೆಗೆ ಮಾತ್ರ ಮರುಳಾಗಬೇಡಿ. ಅದು ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ತಾಕತ್ತು. ಕಾರಿನ ಬ್ಯಾಟರಿ ಓಟದ ಕುದುರೆ. ತೆಳು ಪ್ಲೇಟುಗಳು, ಕೆಲವೇ ಸೆಕೆಂಡು ನೂರಾರು ಆಂಪ್. ಟ್ರೋಲಿಂಗ್ ಮೋಟಾರಿಗೆ ಬೇಕಾಗಿರುವುದು ಉಳುವ ಎತ್ತು: ದಪ್ಪ ಪ್ಲೇಟಿನ ‘ಡೀಪ್ ಸೈಕಲ್’, ಅಂದರೆ ಮತ್ತೆ ಮತ್ತೆ ಆಳಕ್ಕೆ ಖಾಲಿ ಮಾಡಿ ತುಂಬಲೆಂದೇ ಮಾಡಿದ ಬ್ಯಾಟರಿ. ಹೇಗೂ ಇದೆಯಲ್ಲ ಎಂದು ಕಾರಿನ ಬ್ಯಾಟರಿ ಹಾಕಿದರೆ, ಕೆಲವು ಸಲ ಪೂರ್ತಿ ಖಾಲಿಯಾಗುವಷ್ಟರಲ್ಲಿ ಅದರ ಕತೆ ಮುಗಿಯುತ್ತದೆ.

ಸೀಸವೋ, ಲಿಥಿಯಂ?

ಸೀಸದ ಡೀಪ್ ಸೈಕಲ್ ಬ್ಯಾಟರಿಯನ್ನೂ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡದಿದ್ದರೆ ಅದು ಹೆಚ್ಚು ಕಾಲ ಬಾಳುತ್ತದೆ. ಹಾಗಾಗಿ ನಿಮ್ಮ 60ಕ್ಕೆ 120 ಕೊಳ್ಳಬೇಕು. ನೀರು ತುಂಬುವ ಮಾದರಿ ಎಲ್ಲಕ್ಕಿಂತ ಅಗ್ಗ. ಆದರೆ ಆಗಾಗ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕಬೇಕು, ಚಾರ್ಜ್ ಮಾಡುವಾಗ ಹೊರಬರುವ ಹೈಡ್ರೋಜನ್ ಹೋಗಲು ಗಾಳಿ ಆಡಬೇಕು. ಎಜಿಎಂ ಎಂಬ ಮುಚ್ಚಿದ ಮಾದರಿಯಲ್ಲಿ ಆ್ಯಸಿಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತದೆ. ಅದಕ್ಕೆ ಈ ರಗಳೆ ಇಲ್ಲ, ದೋಣಿ ಓಲಾಡಿದರೂ ಆ್ಯಸಿಡ್ ಚೆಲ್ಲುವುದಿಲ್ಲ. ಎರಡೂ ಭಾರ. ನೂರು ಆಂಪ್-ಅವರ್ ಆಸುಪಾಸಿನದು ಮೂವತ್ತು ಕಿಲೋ ಹತ್ತಿರ ತೂಗುತ್ತದೆ.

ಲಿಥಿಯಂ ಐರನ್ ಫಾಸ್ಫೇಟಿನದು ಅಷ್ಟೇ ಸಾಮರ್ಥ್ಯಕ್ಕೆ 12 ಕಿಲೋ ಆಸುಪಾಸು. ನೂರಕ್ಕೆ 80 ಭಾಗ ಖಾಲಿ ಮಾಡಿದರೂ ಅದಕ್ಕೆ ಬೇಸರವಿಲ್ಲ, ಜೋರಾಗಿ ಎಳೆದರೂ ಸಿಗುವುದು ಅಷ್ಟೇನೂ ಕಡಿಮೆಯಾಗುವುದಿಲ್ಲ. ನಿಮ್ಮ 60ಕ್ಕೆ 75 ಸಾಕು, 100 ಕೊಂಡರೆ ನಿಶ್ಚಿಂತೆ. ಶುರುವಿಗೆ ಬೆಲೆ ಜಾಸ್ತಿ. ವಾರವಾರ ನೀರಿಗಿಳಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ವರ್ಷಕ್ಕೆ ನಾಲ್ಕು ಸಲ ಹೋಗುವವರಿಗೆ ಎಜಿಎಂ ಧಾರಾಳವಾಯಿತು.

ಲಿಥಿಯಂ ಕೊಳ್ಳುವವರು ಮೂರು ಮಾತು ಕೇಳಿಕೊಳ್ಳಬೇಕು. ಅದರೊಳಗೆ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ಕಾವಲುಗಾರ ಇರುತ್ತಾನೆ, ಮಿತಿ ಮೀರಿದರೆ ವಿದ್ಯುತ್ ನಿಲ್ಲಿಸುವವನು. ಅವನು ಸತತವಾಗಿ ಎಷ್ಟು ಆಂಪ್ ಬಿಡುತ್ತಾನೆ ಅನ್ನುವುದು ನಿಮ್ಮ ಮೋಟಾರಿನ ಗರಿಷ್ಠಕ್ಕಿಂತ ಧಾರಾಳವಾಗಿ ಮೇಲಿರಬೇಕು, ಇಲ್ಲದಿದ್ದರೆ ಪೂರ್ತಿ ವೇಗಕ್ಕೆ ಹಾಕಿದಾಗಲೆಲ್ಲ ಲೈನ್ ಕಟ್. ಇನ್ನೊಂದು, ಅದರ ವೋಲ್ಟೇಜ್ ಕೊನೆಯ ತನಕ ಹೆಚ್ಚು ಕಡಿಮೆ ಒಂದೇ ಸಮ ಇದ್ದು, ಆಮೇಲೆ ದಿಢೀರ್ ಬೀಳುತ್ತದೆ. ಮೋಟಾರಿನ ಹಳೇ ಸೂಚಕ ದೀಪಗಳು ‘ಫುಲ್’ ಎನ್ನುತ್ತಿರುವಾಗಲೇ ನೀವು ನಿಂತಿರುತ್ತೀರಿ. ಒಳಹೋಗುವ-ಹೊರಬರುವ ಆಂಪ್ ಎಣಿಸುವ ಮೀಟರ್ ಅಥವಾ ಬ್ಲೂಟೂತ್ ಇರುವ ಬ್ಯಾಟರಿ ನೋಡಿ. ಮೂರನೆಯದು ಚಾರ್ಜರ್. ಲಿಥಿಯಂಗೆ ಹೊಂದುವಂಥದ್ದೇ ಬೇಕು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು.

24 ಅಥವಾ 36 ವೋಲ್ಟಿನವರು

ಇಷ್ಟು ವೋಲ್ಟ್ ಬರಲು 12 ವೋಲ್ಟಿನ ಎರಡು ಅಥವಾ ಮೂರು ಬ್ಯಾಟರಿಗಳನ್ನು ಸಾಲಾಗಿ (ಸೀರೀಸ್) ಜೋಡಿಸುವವರು ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಒಂದೇ ಮಾದರಿ, ಒಂದೇ ಸಾಮರ್ಥ್ಯ, ಒಂದೇ ವಯಸ್ಸು. ಹಳೆಯದರ ಪಕ್ಕ ಹೊಸದನ್ನು ಕೂರಿಸಿದರೆ ಹಳೆಯದು ಮೊದಲು ಬಳಲಿ ಹೊಸದನ್ನೂ ಎಳೆದು ಹಾಕುತ್ತದೆ. ಸೀಸ ಮತ್ತು ಲಿಥಿಯಂ ಬೆರೆಸಲೇಬಾರದು. ಸಾಲಾಗಿ ಜೋಡಿಸಲು ಎಲ್ಲ ಲಿಥಿಯಂ ಬ್ಯಾಟರಿಗೂ ಅನುಮತಿ ಇರುವುದಿಲ್ಲ, ಕೈಪಿಡಿ ನೋಡಿ.

ಕೊಳ್ಳುವ ದಿನ

ಬ್ಯಾಟರಿ ಕೂರುವ ಟ್ರೇಯ ಉದ್ದ, ಅಗಲ, ಎತ್ತರ ಅಳೆದುಕೊಂಡು ಹೋಗಿ. ಗ್ರೂಪ್ 24, 27, 31 ಎಂಬ ಅಳತೆಗಳಲ್ಲಿ ಸಂಖ್ಯೆ ಏರಿದಂತೆ ಉದ್ದ ಬೆಳೆಯುತ್ತದೆ. ತಯಾರಾದ ತಿಂಗಳು ಕೇಳಿ, ಆರು ತಿಂಗಳು ಶೆಲ್ಫಿನಲ್ಲಿ ಚಾರ್ಜಿಲ್ಲದೆ ಕೂತ ಸೀಸದ ಬ್ಯಾಟರಿ ಬೇಡ. ಹಳೆಯದನ್ನು ಅಲ್ಲೇ ಕೊಟ್ಟುಬಿಡಿ, ಅದರ ಸೀಸ ಮರುಬಳಕೆ ಆಗುತ್ತದೆ.

ಜೋಡಿಸುವಾಗ ಬ್ಯಾಟರಿಯ ಹತ್ತಿರವೇ ಸರ್ಕ್ಯೂಟ್ ಬ್ರೇಕರ್ ಇರಲಿ. 50 ಆಂಪ್ ಎಳೆಯುವ ಮೋಟಾರಿಗೆ ಸಾಮಾನ್ಯವಾಗಿ 60 ಆಂಪಿನದು ಹಾಕುತ್ತಾರೆ. ಕೈಯಲ್ಲಿ ತಿರುಗಿಸುವ ಚಿಟ್ಟೆ ನಟ್ ಅಲುಗಾಟಕ್ಕೆ ಸಡಿಲವಾಗುತ್ತದೆ, ಸ್ಪ್ಯಾನರಿನಲ್ಲಿ ಬಿಗಿಯುವ ನಟ್ ಹಾಕಿ. ಸೀಸ ಬಿಟ್ಟು ಲಿಥಿಯಂಗೆ ಬಂದವರು ಮೊದಲ ದಿನ ದೋಣಿಯನ್ನು ದಡದ ಹತ್ತಿರವೇ ಓಡಿಸಿ ನೋಡಿ. ಹಿಂಬದಿಯಿಂದ ಹತ್ತಾರು ಕಿಲೋ ಇಳಿದಿರುತ್ತದೆ, ಮೂತಿ ಸ್ವಲ್ಪ ಬಗ್ಗಿದ ಹಾಗೆ ಅನಿಸಬಹುದು. ಹಾಗಾದರೆ ಮೀನಿನ ಐಸ್ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿ.