ಮೊದಲು ಡಾರ್ಜಿಲಿಂಗ್, ಆಮೇಲೆ ಸಂದಕ್‌ಫು: ಮೈಸೂರಿನಿಂದ ಪೂರ್ವ ಹಿಮಾಲಯಕ್ಕೆ ಚಾರಣ ಹೊರಡುವುದು ಹೇಗೆ?

ಮೈಸೂರು, ಮಂಡ್ಯದ ಕಡೆಯವರಿಗೆ ಹಿಮಾಲಯ ಅಂದ ಕೂಡಲೇ ಮನಾಲಿ, ಕೇದಾರನಾಥ ನೆನಪಾಗುತ್ತವೆ. ಡಾರ್ಜಿಲಿಂಗ್, ಸಿಕ್ಕಿಂ ಕಡೆ ಹೊರಡುವವರು ಕಡಿಮೆ. ಹೋದವರೂ ಕಾರಿನಲ್ಲಿ ಊರು ಸುತ್ತಿ, ಟೀ ಪುಡಿ ಕಟ್ಟಿಸಿಕೊಂಡು ವಾಪಸ್ ಬರುತ್ತಾರೆ. ಆದರೆ ಮೊದಲ ಸಲ ಹಿಮಾಲಯದಲ್ಲಿ ನಡೆಯಬೇಕು ಅನ್ನುವವರಿಗೆ ಅಲ್ಲೊಂದು ಒಳ್ಳೆಯ ದಾರಿ ಇದೆ. ಭಾರತ ಮತ್ತು ನೇಪಾಳದ ಗಡಿಯಲ್ಲೇ ಸಾಗುವ ಸಿಂಗಲೀಲಾ ಬೆಟ್ಟಸಾಲು ಅದು. ಅದರ ಮೇಲಿರುವ ಸಂದಕ್‌ಫು 3,636 ಮೀಟರ್ ಎತ್ತರದಲ್ಲಿದೆ. ಪಶ್ಚಿಮ ಬಂಗಾಳದಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. ಆಕಾಶ ತಿಳಿಯಾಗಿದ್ದರೆ ಜಗತ್ತಿನ ಐದು ಅತಿ ಎತ್ತರದ ಶಿಖರಗಳಲ್ಲಿ ನಾಲ್ಕು ಅಲ್ಲಿಂದ ಕಾಣುತ್ತವೆ: ಎವರೆಸ್ಟ್, ಕಾಂಚನಜುಂಗಾ, ಲೋತ್ಸೆ, ಮಕಾಲು. ಟೆಂಟ್ ಬೇಕಿಲ್ಲ. ಪ್ರತಿ ರಾತ್ರಿ ಉಳಿಯಲು ಲಾಡ್ಜ್ ಸಿಗುತ್ತದೆ, ಬಿಸಿ ಊಟ ಸಿಗುತ್ತದೆ.

ಈ ಪ್ರವಾಸ ಚೆನ್ನಾಗಿ ಆಗುವುದು, ಕೆಡುವುದು ಒಂದೇ ವಿಷಯದ ಮೇಲೆ ನಿಂತಿದೆ. ಅದು ದಿನಗಳನ್ನು ಜೋಡಿಸುವ ಕ್ರಮ. ಬಹಳ ಜನ ಮೊದಲು ಚಾರಣ ಮುಗಿಸಿ, ಕೊನೆಗೆ ಆರಾಮಾಗಿ ಊರು ನೋಡೋಣ ಅಂದುಕೊಳ್ಳುತ್ತಾರೆ. ಅದನ್ನು ತಿರುಗಿಸಿ. ಊರು ನೋಡುವುದು ಮೊದಲು, ಬೆಟ್ಟ ಆಮೇಲೆ. ಡಾರ್ಜಿಲಿಂಗ್‌ನಲ್ಲಿ ಕಳೆಯುವ ಎರಡು ರಾತ್ರಿ ನಿಮ್ಮ ದೇಹವನ್ನು ಎತ್ತರಕ್ಕೆ ಒಗ್ಗಿಸುತ್ತವೆ.

ತಿಂಗಳು ಆರಿಸುವುದು

ಮಕ್ಕಳಿಗೆ ದಸರಾ ರಜೆ ಸಿಕ್ಕಿತು, ಹೊರಡೋಣ ಅನ್ನುವುದು ನಮ್ಮಲ್ಲಿ ಸಹಜ. ಆದರೆ ಅದೇ ವಾರ ಬಂಗಾಳದಲ್ಲಿ ದುರ್ಗಾಪೂಜೆ. ಕೋಲ್ಕತ್ತಾದಿಂದ ಜನ ಡಾರ್ಜಿಲಿಂಗ್‌ಗೆ ಮುಗಿಬೀಳುವ ಸಮಯ ಅದು. ರೈಲು ಸಿಗುವುದಿಲ್ಲ, ರೂಮ್ ಸಿಗುವುದಿಲ್ಲ, ಸಿಕ್ಕರೂ ಬೆಲೆ ಜಾಸ್ತಿ. ರಜೆಯ ಕಟ್ಟು ಇಲ್ಲದವರು ದೀಪಾವಳಿ ಮುಗಿಸಿ ನವೆಂಬರ್‌ನಲ್ಲಿ ಹೊರಡಿ. ಗಾಳಿ ಶುಭ್ರವಾಗಿರುತ್ತದೆ, ಶಿಖರಗಳು ದಿನವಿಡೀ ಕಾಣುವ ಸಾಧ್ಯತೆ ಹೆಚ್ಚು.

ಶಾಲೆಗೆ ಹೋಗುವ ಮಕ್ಕಳಿದ್ದರೆ ಏಪ್ರಿಲ್ ಒಳ್ಳೆಯದು. ಆಗ ಬೆಟ್ಟದ ತುಂಬ ರೋಡೋಡೆಂಡ್ರಾನ್ ಕೆಂಪಗೆ, ಗುಲಾಬಿಯಾಗಿ ಅರಳಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುತ್ತದೆ ಅನ್ನುವುದೊಂದೇ ಕೊರತೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಿಂಗಲೀಲಾ ರಾಷ್ಟ್ರೀಯ ಉದ್ಯಾನ ಮುಚ್ಚಿರುತ್ತದೆ. ಡಿಸೆಂಬರ್ ನಂತರದ ಚಳಿ ಮೊದಲ ಸಲ ಹೋಗುವವರಿಗೆ ಬೇಡ.

ಸಿಕ್ಕಿಂಗೆ ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಯುಕ್ಸಮ್‌ನಿಂದ ಹೊರಡುವ ಗೋಯೆಚಾಲಾ ಚಾರಣ ನಿಜಕ್ಕೂ ಸೊಗಸು. ಆದರೆ ಅದು 4,500 ಮೀಟರ್ ದಾಟುತ್ತದೆ, ಟೆಂಟ್ ವಾಸ ಇರುತ್ತದೆ. ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಉತ್ತರ ಸಿಕ್ಕಿಂಗೆ ಹೋಗುವವರು ರಸ್ತೆಯ ಸ್ಥಿತಿ ವಿಚಾರಿಸದೆ ಮುಂಗಡ ಕೊಡಬೇಡಿ. 2023ರ ಅಕ್ಟೋಬರ್‌ನಲ್ಲಿ ಹಿಮಸರೋವರ ಒಡೆದು ತೀಸ್ತಾ ಕಣಿವೆಗೆ ಬಂದ ಪ್ರವಾಹ ಅಲ್ಲಿನ ಸೇತುವೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು.

ಗೈಡ್ ಮತ್ತು ಏಜೆನ್ಸಿ

ಸಂದಕ್‌ಫು ದಾರಿಯಲ್ಲಿ ನಡೆಯಲು ಗೈಡ್ ಕಡ್ಡಾಯ. ಚಾರಣ ಶುರುವಾಗುವ ಮಾನೇಭಂಜಾಂಗ್‌ನಲ್ಲಿ ಸ್ಥಳೀಯ ಗೈಡ್‌ಗಳ ಸಂಘವೇ ಇದೆ. ಅಲ್ಲಿ ನೇರವಾಗಿ ಗೊತ್ತು ಮಾಡಿಕೊಳ್ಳಬಹುದು, ಇಲ್ಲವೇ ಏಜೆನ್ಸಿ ಮೂಲಕ ಹೋಗಬಹುದು. ಕುಟುಂಬದವರಿಗೆ, ಹಿಂದಿ ಅಷ್ಟಾಗಿ ಬರದವರಿಗೆ ಏಜೆನ್ಸಿ ಅನುಕೂಲ.

ಏಜೆನ್ಸಿಯವರನ್ನು ಬೆಲೆಗಿಂತ ಮೊದಲು ದಿನದ ಪಟ್ಟಿ ಕೇಳಿ. ಯಾವ ರಾತ್ರಿ ಎಲ್ಲಿ ಮಲಗುತ್ತೇವೆ, ಅದು ಎಷ್ಟು ಮೀಟರ್ ಎತ್ತರ ಅಂತ ಬರೆಸಿಕೊಳ್ಳಿ. ವಿಮಾನ ಇಳಿದ ದಿನವೇ ಮಾನೇಭಂಜಾಂಗ್, ಮರುದಿನ ಜೀಪಿನಲ್ಲಿ ಸಂದಕ್‌ಫು ಅಂತ ಇದ್ದರೆ ಒಪ್ಪಬೇಡಿ. ಎಷ್ಟು ಜನಕ್ಕೆ ಒಬ್ಬ ಗೈಡ್? ಉದ್ಯಾನದ ಪ್ರವೇಶ ಶುಲ್ಕ ಇದರಲ್ಲೇ ಸೇರಿದೆಯಾ? ಯಾರಿಗಾದರೂ ಹುಷಾರು ತಪ್ಪಿದರೆ ಕೆಳಗೆ ಇಳಿಸಲು ಗಾಡಿ ಯಾರು ತರುತ್ತಾರೆ? ಹೊರೆ ಹೊರುವವರಿಗೆ ಎಷ್ಟು ಕಿಲೋ ಹೊರಿಸುತ್ತೀರಿ, ಅವರಿಗೆ ವಿಮೆ ಇದೆಯಾ? ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರು ಬಹುತೇಕ ಉಳಿದದ್ದನ್ನೂ ಸರಿಯಾಗಿ ನೋಡಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಒಂದು ದಿನ ಖಾಲಿ ಬಿಡಿಸಿಕೊಳ್ಳುವುದನ್ನು ಮರೆಯಬೇಡಿ.

ದೇಹದ ತಯಾರಿ

ಎಂಟು ವಾರ ಮೊದಲೇ ಶುರು ಮಾಡಿ. ಮೊದಲ ಎರಡು ವಾರ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನಾ ಒಂದು ಗಂಟೆ ಬಿರುಸು ನಡಿಗೆ ಸಾಕು. ಮಂಡ್ಯದವರಿಗೆ ನಾಲೆ ಏರಿ ಇದೆ. ಆಮೇಲೆ ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು. ನಂದಿಯ ಹತ್ತಿರ ಕೂತು ಮಾತಿಗಿಳಿಯದೆ ತುದಿಯವರೆಗೆ ಒಂದೇ ಹದದಲ್ಲಿ ಹತ್ತಿ. ಓಡಬೇಡಿ. ಪಕ್ಕದವರ ಜೊತೆ ಮಾತಾಡಿಕೊಂಡು ಹತ್ತಲು ಆಗಬೇಕು, ಅದೇ ಸರಿಯಾದ ವೇಗ.

ಇಳಿಯುವಾಗ ಬಸ್ ಹತ್ತಬೇಡಿ. ಹಿಮಾಲಯದಲ್ಲಿ ಮಂಡಿ ನೋವು ಬರುವುದು ಹತ್ತುವಾಗ ಅಲ್ಲ, ಇಳಿಯುವಾಗ. ಆ ಸ್ನಾಯುಗಳಿಗೆ ಮೆಟ್ಟಿಲು ಇಳಿಯುವುದೇ ಅಭ್ಯಾಸ. ಐದನೇ ವಾರದಿಂದ ಬೆನ್ನಿಗೆ ಐದಾರು ಕಿಲೋ ಚೀಲ ಹಾಕಿಕೊಳ್ಳಿ. ನೀರಿನ ಬಾಟಲಿಗಳನ್ನೇ ತುಂಬಿಕೊಂಡರೆ ಆಯಿತು. ಮಂಡಿ ನೋಯಲು ಶುರುವಾದರೆ ತುದಿಯಲ್ಲಿ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು. ಭಾನುವಾರ ಕುಂತಿಬೆಟ್ಟ ಅಥವಾ ಕರಿಘಟ್ಟ ಇಟ್ಟುಕೊಳ್ಳಿ. ಒಬ್ಬರೇ ಹೋಗಲು ಬೇಸರವಾದರೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನ ಮೈಸೂರಿನ ಗಂಗೋತ್ರಿ ಘಟಕದಂಥ ಚಾರಣ ಸಂಘಗಳಿವೆ.

ಮೈಸೂರಿನಿಂದ ಚಾಮುಂಡಿ ಬೆಟ್ಟದ ತುದಿ ಸುಮಾರು 300 ಮೀಟರ್ ಮೇಲಿದೆ. ಹಿಂದಿನ ರಾತ್ರಿ ಉಳಿಯುವ ಕಾಲಿಪೋಖ್ರಿಯಿಂದ ಸಂದಕ್‌ಫುಗೆ ಕೊನೆಯ ದಿನದ ಏರು ಸುಮಾರು 450 ಮೀಟರ್. ಹಾಗಾಗಿ ಬೆಟ್ಟವನ್ನು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಇಳಿಯಲು ಆಯಿತು ಅಂದರೆ ಕಾಲು ತಯಾರಾಗಿದೆ ಅಂತಲೇ ಲೆಕ್ಕ. ಬಿಪಿ, ಸಕ್ಕರೆ, ಹೃದಯದ ತೊಂದರೆ, ಉಬ್ಬಸ ಇದ್ದವರು ಮುಂಗಡ ಕಟ್ಟುವ ಮೊದಲೇ ಡಾಕ್ಟರನ್ನು ಕಾಣಿ.

ಚೀಲದಲ್ಲಿ ಏನಿರಬೇಕು

ಒಂದೇ ದಪ್ಪ ಸ್ವೆಟರ್ ಸಾಲದು. ಒಳಗೆ ಥರ್ಮಲ್, ಮೇಲೆ ಫ್ಲೀಸ್ ಅಥವಾ ಉಣ್ಣೆ, ಹೊರಗೆ ಗಾಳಿ, ಮಳೆ ತಡೆಯುವ ಜಾಕೆಟ್. ನಡೆಯುವಾಗ ಬಿಚ್ಚಬೇಕು, ನಿಂತ ಕೂಡಲೇ ಹಾಕಿಕೊಳ್ಳಬೇಕು. ಕಾಟನ್ ಬನಿಯನ್ ಬೇಡ. ಬೆವರಿಗೆ ಒದ್ದೆಯಾದರೆ ಒಣಗುವುದೇ ಇಲ್ಲ, ನಿಂತಾಗ ಮೈ ಕೊರೆಯುತ್ತದೆ. ಕಿವಿ ಮುಚ್ಚುವ ಟೋಪಿ, ಕೈಗವಸು, ತಂಪು ಕನ್ನಡಕ, ಟಾರ್ಚ್ ಬೇಕೇ ಬೇಕು. ಜಾಕೆಟ್ ಸುಮ್ನೆ ಕೊಳ್ಳಬೇಡಿ, ಡಾರ್ಜಿಲಿಂಗ್‌ನಲ್ಲಿ ಬಾಡಿಗೆಗೆ ಸಿಗುತ್ತದೆ. ಶೂ ಮಾತ್ರ ನಿಮ್ಮದೇ ಆಗಿರಲಿ, ಅದನ್ನು ಹಾಕಿಕೊಂಡೇ ಚಾಮುಂಡಿ ಬೆಟ್ಟದ ಅಭ್ಯಾಸ ಮುಗಿಸಿರಲಿ.

ಚಟ್ನಿಪುಡಿ ಒಂದು ಡಬ್ಬಿ ಇಟ್ಟುಕೊಳ್ಳಿ. ಮೇಲೆ ದಿನಾ ಅನ್ನ, ಬೇಳೆ, ಆಲೂಗಡ್ಡೆ. ಹಸಿವು ಮಂದವಾಗುವ ಎತ್ತರದಲ್ಲಿ ನಾಲಿಗೆಗೆ ಒಗ್ಗಿದ ರುಚಿ ನಾಲ್ಕು ತುತ್ತು ಜಾಸ್ತಿ ಇಳಿಸುತ್ತದೆ. ಕಡಲೆಮಿಠಾಯಿ ಜೇಬಿನಲ್ಲಿರಲಿ. ಸಸ್ಯಾಹಾರಿಗಳು ಥುಕ್ಪಾ ಅನ್ನುವ ನೂಡಲ್ಸ್ ಸೂಪ್ ತಿನ್ನುವ ಮೊದಲು ಸಾರು ಯಾವುದರದ್ದು ಅಂತ ಕೇಳಿ.

ಗುರುತಿನ ಚೀಟಿ ಅಸಲಿಯೇ ಇರಲಿ, ಜೊತೆಗೆ ನಾಲ್ಕೈದು ಜೆರಾಕ್ಸ್, ಫೋಟೊ. ದಾರಿ ಅಲ್ಲಲ್ಲಿ ನೇಪಾಳದ ಒಳಗೆ ಹಾದು ಬರುವುದರಿಂದ ಸಶಸ್ತ್ರ ಸೀಮಾ ಬಲದವರು ತಪಾಸಣೆ ಮಾಡುತ್ತಾರೆ. ಇನ್ನೊಂದು ವಿಷಯ. ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ಫೋನ್ ಅಲ್ಲಿನ ನೆಟ್‌ವರ್ಕ್ ಹಿಡಿದರೆ ಸಮಯವೂ ಬದಲಾಗುತ್ತದೆ, ಬಿಲ್ಲೂ ಏರುತ್ತದೆ. ರೋಮಿಂಗ್ ಆಫ್ ಮಾಡಿಡಿ.

ಹೋಗುವುದು ಹೇಗೆ

ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ಅಲ್ಲಿಂದ ಬಾಗ್‌ಡೋಗ್ರಾಕ್ಕೆ ನೇರ ವಿಮಾನ. ಮಧ್ಯಾಹ್ನ ಎರಡರೊಳಗೆ ಇಳಿಯುವ ವಿಮಾನವನ್ನೇ ಆರಿಸಿ, ಡಾರ್ಜಿಲಿಂಗ್‌ಗೆ ಇನ್ನೂ ಮೂರು ಗಂಟೆಯ ಘಾಟಿ ದಾರಿ ಇದೆ. ರೈಲಿನಲ್ಲಾದರೆ ನ್ಯೂ ಜಲ್ಪೈಗುರಿಯಲ್ಲಿ ಇಳಿಯಬೇಕು, ಬೆಂಗಳೂರಿನಿಂದ ಹೆಚ್ಚುಕಡಿಮೆ ಎರಡು ದಿನ. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ತೆರೆದ ದಿನವೇ ಮಾಡಿಸಿ.

ಡಾರ್ಜಿಲಿಂಗ್‌ನ ಎರಡು ದಿನ

ಡಾರ್ಜಿಲಿಂಗ್ ಸುಮಾರು 2,040 ಮೀಟರ್ ಎತ್ತರದಲ್ಲಿದೆ. ಮೊದಲ ದಿನ ಚೌರಸ್ತಾದಿಂದ ನಿಧಾನಕ್ಕೆ ನಡೆದು ಹಿಮಾಲಯ ಪರ್ವತಾರೋಹಣ ಸಂಸ್ಥೆಗೆ ಹೋಗಿ. 1953ರ ಮೇ 29ರಂದು ಎವರೆಸ್ಟ್ ಏರಿದ ತೇನ್‌ಸಿಂಗ್ ನೋರ್ಗೆ, ಮರುವರ್ಷ ಶುರುವಾದ ಈ ಸಂಸ್ಥೆಯಲ್ಲಿ ತರಬೇತಿಯ ಮೊದಲ ನಿರ್ದೇಶಕರಾಗಿದ್ದರು. ಅವರ ಸಮಾಧಿಯೂ ಅಲ್ಲೇ ಇದೆ. ಅಂದಿನ ಶೂ, ಹಗ್ಗ, ಕೊಡಲಿಗಳನ್ನು ನೋಡಿದ ಮೇಲೆ ನಡೆಯುವ ಉತ್ಸಾಹ ಬೇರೆಯೇ ಆಗುತ್ತದೆ. ಅದೇ ಆವರಣದಲ್ಲಿ ಪದ್ಮಜಾ ನಾಯ್ಡು ಮೃಗಾಲಯ ಇದೆ. ಸಿಂಗಲೀಲಾ ಕಾಡಿನಲ್ಲಿ ಕೆಂಪು ಪಾಂಡಾ ಕಣ್ಣಿಗೆ ಬೀಳುವುದು ಅಪರೂಪ, ಇಲ್ಲಿ ತೃಪ್ತಿಯಾಗಿ ನೋಡಬಹುದು. ಮೈಸೂರು ಝೂಗೆ ಮಂಗಳವಾರ ರಜೆ ಅಲ್ವಾ, ಇದಕ್ಕೆ ಗುರುವಾರ.

ಎರಡನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ಟೈಗರ್ ಹಿಲ್. 2,500 ಮೀಟರ್‌ಗೂ ಮೇಲಿರುವ ಜಾಗಕ್ಕೆ ಹೋಗಿ, ಮತ್ತೆ ಕೆಳಗೆ ಬಂದು ಮಲಗುವುದು ದೇಹಕ್ಕೆ ಒಳ್ಳೆಯ ಪಾಠ. ಮಧ್ಯಾಹ್ನ ಪುಟ್ಟ ರೈಲಿನಲ್ಲಿ ಘೂಮ್‌ಗೆ ಹೋಗಿ ಬನ್ನಿ. 1881ರಲ್ಲಿ ಶುರುವಾದ ಈ ರೈಲಿಗೆ 1999ರಲ್ಲಿ ಯುನೆಸ್ಕೊ ಪಾರಂಪರಿಕ ಮನ್ನಣೆ ಸಿಕ್ಕಿತು. ಹಳಿಗಳ ನಡುವೆ ಬರೀ ಎರಡು ಅಡಿ ಅಂತರ.

ನಡಿಗೆಯ ದಿನಗಳು

ಮಾನೇಭಂಜಾಂಗ್‌ನಿಂದ ಮೊದಲ ದಿನ ಟುಮ್‌ಲಿಂಗ್, ಎರಡನೇ ದಿನ ಗೈರಿಬಾಸ್ ದಾಟಿ ಕಾಲಿಪೋಖ್ರಿ, ಮೂರನೇ ದಿನ ಸಂದಕ್‌ಫು. ಮೂರನೇ ದಿನದ ದೂರ ಆರು ಕಿಲೋಮೀಟರ್ ಅಷ್ಟೇ, ಆದರೆ ಏರು ಕಡಿದಾಗಿದೆ. ದಾರಿಯ ಬಹುಭಾಗ ಜೀಪ್ ರಸ್ತೆಯೇ. ಹಳೆಯ ಲ್ಯಾಂಡ್‌ರೋವರ್‌ಗಳು ಗುರುಗುಟ್ಟಿಕೊಂಡು ಹೋಗುತ್ತಿರುತ್ತವೆ. ಅಡ್ಡದಾರಿಯಲ್ಲಿ ಕರೆದುಕೊಂಡು ಹೋಗಿ ಅಂತ ಗೈಡ್‌ಗೆ ಹೇಳಿ. ಕಾಡು, ಹಕ್ಕಿ, ಹೂವು ಎಲ್ಲ ಅಲ್ಲಿದೆ.

ಹೊತ್ತಿನ ಲೆಕ್ಕ ಬದಲಾಯಿಸಿಕೊಳ್ಳಿ. ಈ ಜಾಗ ನಮಗಿಂತ ಬಹಳ ಪೂರ್ವದಲ್ಲಿದೆ, ಗಡಿಯಾರ ಮಾತ್ರ ಒಂದೇ. ನವೆಂಬರ್‌ನಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಏಳಕ್ಕೆ ಹೊರಟು ಮೂರರೊಳಗೆ ಲಾಡ್ಜ್ ಸೇರಬೇಕು.

ಸಂದಕ್‌ಫುನಲ್ಲಿ ಮರುದಿನ ಬೆಳಕು ಹರಿಯುವ ಮುಂಚೆ ಹೊರಗೆ ಬನ್ನಿ. ಕಣಿವೆ ಇನ್ನೂ ಕತ್ತಲಲ್ಲಿರುವಾಗಲೇ ಕಾಂಚನಜುಂಗಾದ ತುದಿ ಕೆಂಪಾಗುತ್ತದೆ. ಇಡೀ ಸಾಲನ್ನು ಮಲಗಿದ ಬುದ್ಧ ಅನ್ನುತ್ತಾರೆ. ಕುಂಭಕರ್ಣ ಅನ್ನುವ ಶಿಖರ ಅವನ ತಲೆ, ಕಾಂಚನಜುಂಗಾ ಹೊಟ್ಟೆ. ಆಮೇಲೆ ಎಡಕ್ಕೆ, ದೂರಕ್ಕೆ ನೋಡಿ. ಲೋತ್ಸೆ, ಎವರೆಸ್ಟ್, ಮಕಾಲು ಎಡದಿಂದ ಬಲಕ್ಕೆ ನಿಂತಿರುತ್ತವೆ. ಮಕಾಲು ಹತ್ತಿರ ಇರುವುದರಿಂದ ಅದೇ ದೊಡ್ಡದಾಗಿ ಕಾಣುತ್ತದೆ. ಅದನ್ನೇ ಎವರೆಸ್ಟ್ ಅಂದುಕೊಂಡು ಫೋಟೊ ತೆಗೆಯುವವರು ಬಹಳ ಜನ.

ತಲೆನೋವನ್ನು ಮುಚ್ಚಿಡಬೇಡಿ

3,600 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಸಮಯ ಕೊಡಬೇಕು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಊಟ ಬೇಡ ಅನ್ನಿಸುವುದು ಇದರ ಲಕ್ಷಣ. ನಮ್ಮ ಗುಂಪಿನಲ್ಲಿ ಮಂಡ್ಯದ ಮೇಷ್ಟ್ರೊಬ್ಬರಿದ್ದರು. ಕಾಲಿಪೋಖ್ರಿಯಲ್ಲಿ ಎಲ್ಲರಿಗೂ 'ಏನೂ ಇಲ್ಲ, ಚೆನ್ನಾಗಿದ್ದೀನಿ' ಅಂದರು. ಗೈಡ್ ಅವರ ಮುಖ ನೋಡಲಿಲ್ಲ, ತಟ್ಟೆ ನೋಡಿದರು. ಅನ್ನ ಹಾಗೇ ಇತ್ತು, ಬೇಳೆ ಮಾತ್ರ ಸ್ವಲ್ಪ ಕದಡಿತ್ತು. 'ಸರ್, ನಾಳೆ ನಾವು ಇಲ್ಲೇ' ಅಂದರು. ಮಾರನೇ ದಿನ ಮೇಷ್ಟ್ರು ಬಿಸಿಲಿಗೆ ಕೂತು ಬೆಳ್ಳುಳ್ಳಿ ಸೂಪ್ ಕುಡಿದರು. ಸಂಜೆಗೆ ತಲೆನೋವು ಹೋಯಿತು, ಆಮೇಲೆ ನಗುತ್ತಾ ಹತ್ತಿದರು. ಖಾಲಿ ಬಿಟ್ಟಿದ್ದ ಒಂದು ದಿನ ಇದ್ದಿದ್ದರಿಂದ ಯಾರಿಗೂ ಅವಸರ ಇರಲಿಲ್ಲ.

ತಲೆನೋವು ಇರುವಾಗ ಮೇಲೆ ಹತ್ತಬಾರದು. ಕೂತಲ್ಲೇ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ ರಾತ್ರಿಯಾದರೂ ಸರಿ, ಕೆಳಗೆ ಇಳಿಸಲೇಬೇಕು. ಎತ್ತರಕ್ಕೆ ಒಗ್ಗಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಡಾಕ್ಟರ್ ಹೇಳದೆ ತಗೋಬೇಡಿ, ಸಲ್ಫಾ ಅಲರ್ಜಿ ಇದ್ದವರಂತೂ ಮೊದಲೇ ಹೇಳಿ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ. ಬೆಟ್ಟ ಇಳಿಯುವ ತನಕ ಮದ್ಯ ಮುಟ್ಟಬೇಡಿ.

ಇಳಿಯುವ ದಾರಿ

ಕಾಲು ಗಟ್ಟಿ ಇದ್ದವರು ಇನ್ನೂ 21 ಕಿಲೋಮೀಟರ್ ನಡೆದು ಅದೇ ಬೆಟ್ಟಸಾಲಿನ ಫಾಲುಟ್‌ಗೆ ಹೋಗಿ, ಗೋರ್ಖೆ ಹಳ್ಳಿಯ ಮೂಲಕ ಇಳಿಯಬಹುದು. ಉಳಿದವರು ನೇರವಾಗಿ ಶ್ರೀಖೋಲಾಕ್ಕೆ ಇಳಿಯಿರಿ. ಹೊರಡುವ ಮುಂಚೆ ಕಾಲುಗುರು ಕತ್ತರಿಸಿ. ಶೂ ಲೇಸನ್ನು ಬೆರಳ ಕಡೆ ಸಡಿಲ ಬಿಟ್ಟು, ಪಾದದ ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಿ. ಹಾಗೆ ಮಾಡಿದರೆ ಬೆರಳು ಮುಂದಕ್ಕೆ ಹೋಗಿ ಬಡಿಯುವುದಿಲ್ಲ.

ವಾಪಸ್ ವಿಮಾನದ ಹಿಂದಿನ ರಾತ್ರಿ ಸಿಲಿಗುರಿಯಲ್ಲೇ ಇರಿ, ಘಾಟಿಯಲ್ಲಿ ಮಣ್ಣು ಕುಸಿದರೆ ರಸ್ತೆ ಯಾವಾಗ ತೆರೆಯುತ್ತದೋ ಹೇಳಲಾಗದು. ಗೈಡ್‌ಗೆ, ಹೊರೆ ಹೊತ್ತವರಿಗೆ ಭಕ್ಷೀಸನ್ನು ಏಜೆನ್ಸಿ ಕೈಗೆ ಕೊಡದೆ ಅವರವರ ಕೈಗೇ ಕೊಡಿ. ನಿಮಗೆ ಇನ್ನು ಬೇಡವಾದ ಉಣ್ಣೆ ಟೋಪಿ, ಕೈಗವಸು ಚೆನ್ನಾಗಿದ್ದರೆ ಅವರನ್ನು ಕೇಳಿ ಅಲ್ಲೇ ಬಿಟ್ಟು ಬನ್ನಿ. ಅವರಿಗೆ ಮುಂದಿನ ಗುಂಪು ಆಗಲೇ ಮಾನೇಭಂಜಾಂಗ್‌ನಲ್ಲಿ ಕಾಯುತ್ತಿರುತ್ತದೆ.