ಫೋನ್ ಇಟ್ಟ ಮೇಲೆ ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು: ನೇಮಕಾತಿ ಕನ್ಸಲ್ಟೆನ್ಸಿಗೆ ಹೊಸದಾಗಿ ಸೇರುವವರಿಗೆ

ಜಾಲಹಳ್ಳಿ ಕ್ರಾಸ್ ಬಳಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಕೊಡುವುದು ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್. ಲ್ಯಾಪ್‌ಟಾಪ್ ಎರಡನೆಯ ದಿನ. ಎಕ್ಸೆಲ್ ಟ್ರ್ಯಾಕರ್ ಇರುವಾಗ ಇದೇಕೆ ಎಂದು ಎಲ್ಲರೂ ಕೇಳುತ್ತಾರೆ. ಟ್ರ್ಯಾಕರಿನಲ್ಲಿ ಹೆಸರು, ಅನುಭವ, ಈಗಿನ ಸಂಬಳ, ಕೇಳುವ ಸಂಬಳ, ನೋಟಿಸ್ ಅವಧಿ ಎಂಬ ಕಾಲಂಗಳಿವೆ. ಹುಡುಗ ನಿಜವಾಗಿ ಬಂದು ಸೇರುತ್ತಾನೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳಿಗೆ ಅದರಲ್ಲಿ ಕಾಲಂ ಇಲ್ಲ.

ನಾನು ತಿಪಟೂರಿನಲ್ಲಿ ಬಿ.ಕಾಂ. ಮುಗಿಸಿ ಬಂದವಳು. ಹದಿನಾಲ್ಕು ವರ್ಷಗಳಿಂದ ಪೀಣ್ಯ, ದಾಬಸ್‌ಪೇಟೆ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಜನರನ್ನು ಹುಡುಕಿಕೊಡುತ್ತಿದ್ದೇನೆ. ಕನ್ಸಲ್ಟೆನ್ಸಿ ಎಂದರೆ ವೈಟ್‌ಫೀಲ್ಡ್, ಸಾಫ್ಟ್‌ವೇರ್, ಇಂಗ್ಲಿಷ್ ಎಂದುಕೊಂಡು ಬಂದವರು ಇಲ್ಲಿ ಮೊದಲ ವಾರ ಸ್ವಲ್ಪ ಪೆಚ್ಚಾಗುತ್ತಾರೆ. ಎರಡನೆಯ ವಾರಕ್ಕೆ ಸರಿಹೋಗುತ್ತಾರೆ, ಇಲ್ಲವೇ ಬಿಟ್ಟು ಹೋಗುತ್ತಾರೆ.

ಮೊದಲು ಯಂತ್ರದ ಮುಂದೆ ನಿಲ್ಲಿ. ನನ್ನ ಮೊದಲ ತಿಂಗಳಲ್ಲಿ ಒಂದು ಕಾರ್ಖಾನೆಯವರು ‘ವಿಎಂಸಿ, ಮೂರು ವರ್ಷದ ಅನುಭವ’ ಎಂದು ಕೇಳಿದ್ದರು. ವಿಎಂಸಿ ಎಂದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹವನ್ನು ಕೊರೆದು ಕತ್ತರಿಸುವ ಯಂತ್ರ. ನಾನು ಆರು ಜನರನ್ನು ಕಳುಹಿಸಿದೆ. ಆರೂ ಜನ ಅರ್ಧ ಗಂಟೆಯಲ್ಲಿ ಗೇಟಿನಿಂದ ಹೊರಗೆ ಬಂದರು. ಅವರಿಗೆ ಬೇಕಾಗಿದ್ದವನು ಸೆಟ್ಟರ್. ನಾನು ಕಳುಹಿಸಿದ್ದು ಆಪರೇಟರ್‌ಗಳನ್ನು. ಪ್ರೊಡಕ್ಷನ್ ಮ್ಯಾನೇಜರ್ ಒಳ್ಳೆಯವರು, ಬೈಯುವ ಬದಲು ನನ್ನನ್ನು ಶಾಪ್ ಫ್ಲೋರಿಗೆ ಕರೆದುಕೊಂಡು ಹೋದರು. ಆಪರೇಟರ್ ಬಿಡಿಭಾಗವನ್ನು ಕೂರಿಸಿ, ಗುಂಡಿ ಒತ್ತಿ, ತೆಗೆದು ಅಳೆಯುತ್ತಾನೆ. ಸೆಟ್ಟರ್ ಬಿಡಿಭಾಗವನ್ನು ಹಿಡಿದಿಡುವ ಫಿಕ್ಸ್ಚರ್ ಕಟ್ಟಿ, ಟೂಲ್ ಹಾಕಿ, ಅದರ ಅಳತೆಯ ಹೊಂದಾಣಿಕೆಯನ್ನು (ಆಫ್‌ಸೆಟ್) ಯಂತ್ರಕ್ಕೆ ಕೊಟ್ಟು, ಮೊದಲ ಪೀಸನ್ನು ಸರಿಯಾಗಿ ಹೊರತರುತ್ತಾನೆ. ಪ್ರೋಗ್ರಾಮರ್ ಕೋಡ್ ಬರೆಯುತ್ತಾನೆ. ರೆಸ್ಯೂಮಿನಲ್ಲಿ ಮಾತ್ರ ಮೂವರೂ ‘ವಿಎಂಸಿ’ ಎಂದೇ ಬರೆದಿರುತ್ತಾರೆ.

ಹಾಗಾಗಿ ಫೋನಿನಲ್ಲಿ ‘ನಿಮಗೆ ಸೆಟ್ಟಿಂಗ್ ಬರುತ್ತದೆಯೇ’ ಎಂದು ಕೇಳಬೇಡಿ. ಬರುತ್ತದೆ ಎಂದೇ ಎಲ್ಲರೂ ಹೇಳುತ್ತಾರೆ. ‘ಕೆಲಸದ ನಡುವೆ ಟೂಲ್ ಮುರಿಯಿತು, ಹೊಸದು ಹಾಕಿದಿರಿ, ಆಮೇಲೆ?’ ಎಂದು ಕೇಳಿ. ಟೂಲಿನ ಉದ್ದವನ್ನು ಮತ್ತೆ ಅಳೆದು ಯಂತ್ರಕ್ಕೆ ಕೊಡುತ್ತೇನೆ, ಮೊದಲ ಪೀಸನ್ನು ಅಳೆದು ನೋಡುತ್ತೇನೆ ಎಂದರೆ ಅವನು ಸೆಟ್ಟರ್. ಸೂಪರ್‌ವೈಸರ್‌ರನ್ನು ಕರೆಯುತ್ತೇನೆ ಎಂದರೆ ಆಪರೇಟರ್, ಅದೂ ಸುಳ್ಳು ಹೇಳದ ಆಪರೇಟರ್. ಅಂಥವನ ನಂಬರನ್ನು ಜೋಪಾನವಾಗಿಡಿ. ಕ್ವಾಲಿಟಿ ವಿಭಾಗಕ್ಕಾದರೆ ವರ್ನಿಯರ್ ಎಂಬ ಅಳತೆ ಉಪಕರಣದ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ, ಎಷ್ಟು ಎಂದು ಕೇಳುತ್ತೇನೆ. 0.02 ಮಿ.ಮೀ. ಎನ್ನಲು ತಡವರಿಸುವ ‘ಐದು ವರ್ಷದ ಅನುಭವಿ’ಗಳು ಇದ್ದಾರೆ.

ಫೋನ್ ಮಾಡುವ ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಸಾಲಾಗಿ ಎಪ್ಪತ್ತು ಕರೆ ಮಾಡಿ, ಯಾರೂ ಎತ್ತಲಿಲ್ಲ ಎಂದು ನನ್ನ ಬಳಿ ಬರಬೇಡಿ. ಆ ಹೊತ್ತಿಗೆ ಮೊದಲ ಪಾಳಿಯವನ ಫೋನ್ ಲಾಕರಿನಲ್ಲಿರುತ್ತದೆ, ಮೂರನೆಯ ಪಾಳಿಯವನು ಲಗ್ಗೆರೆಯ ಕೋಣೆಯಲ್ಲಿ ಮಲಗಿರುತ್ತಾನೆ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕು ಒಳ್ಳೆಯ ಸಮಯ: ಮೊದಲ ಪಾಳಿ ಬಿಟ್ಟಿರುತ್ತದೆ, ರಾತ್ರಿಯವನು ಎದ್ದಿರುತ್ತಾನೆ. ಫೋನ್ ಎತ್ತಿದ ಕೂಡಲೇ ಹೆಸರು, ಸಂಸ್ಥೆ ಹೇಳಿ, ‘ಈಗ ಮಾತನಾಡಬಹುದೇ, ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ?’ ಎಂದು ಕೇಳಿ. ಆ ಒಂದು ಪ್ರಶ್ನೆಗಾಗಿಯೇ ನನ್ನನ್ನು ನೆನಪಿಟ್ಟುಕೊಂಡವರಿದ್ದಾರೆ.

ಇನ್ನು ಸಂಬಳ. ಇಲ್ಲಿ ನಿಧಾನಿಸಿ. ಕಾರ್ಖಾನೆಯವರು ವರ್ಷದ ಸಿಟಿಸಿ, ಅಂದರೆ ಒಬ್ಬ ನೌಕರನಿಗೆ ತಮಗಾಗುವ ಒಟ್ಟು ಖರ್ಚು, ಹೇಳುತ್ತಾರೆ, ಹುಡುಗ ಕೈಗೆ ಬರುವ ಹಣವನ್ನು ಲೆಕ್ಕ ಹಾಕುತ್ತಾನೆ. ಪಿಎಫ್, ಕ್ಯಾಂಟೀನ್, ಬಸ್ಸಿನ ಕಡಿತಗಳನ್ನೆಲ್ಲ ಕಳೆದು ಎಷ್ಟು ಉಳಿಯುತ್ತದೆ ಎಂದು ನೀವೇ ಕಾಗದದ ಮೇಲೆ ಬರೆದು ಹೇಳಿ. ಇದಕ್ಕಿಂತ ಮುಖ್ಯವಾದದ್ದು ಇಎಸ್‌ಐ, ನೌಕರನಿಗೂ ಅವನ ಮನೆಯವರಿಗೂ ಚಿಕಿತ್ಸೆ ಕೊಡುವ ಸರ್ಕಾರಿ ವಿಮೆ. ತಿಂಗಳ ವೇತನ 21,000 ರೂಪಾಯಿ ದಾಟಿದರೆ ಹೊಸ ಕೆಲಸದಲ್ಲಿ ಇಎಸ್‌ಐ ಸಿಗುವುದಿಲ್ಲ. ಒಬ್ಬ ಫಿಟ್ಟರ್‌ಗೆ 20,000ದಿಂದ 22,500ಕ್ಕೆ ಆಫರ್ ಕೊಡಿಸಿ ನಾನು ಬೀಗುತ್ತಿದ್ದೆ. ಅವನು ಬೇಡ ಎಂದ. ಅವನ ತಾಯಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಎರಡೂವರೆ ಸಾವಿರದ ಆಸೆಗೆ ಅದನ್ನು ಕಳೆದುಕೊಳ್ಳಲು ಅವನೇನು ದಡ್ಡನೇ? ಎಚ್‌ಆರ್‌ನವರು ‘ಈ ಹುಡುಗರಿಗೆ ಗುರಿಯೇ ಇಲ್ಲ’ ಎಂದರು. ನಾನು ಸುಮ್ಮನಿದ್ದೆ. ಅಂದಿನಿಂದ 19,000ದಿಂದ 21,000ದ ನಡುವೆ ಸಂಬಳ ಇರುವವರನ್ನು ಇಎಸ್‌ಐ ಕಾರ್ಡಿನ ಮೇಲೆ ಮನೆಯಲ್ಲಿ ಯಾರಾದರೂ ಚಿಕಿತ್ಸೆ ಪಡೆಯುತ್ತಿದ್ದಾರೆಯೇ ಎಂದು ಮೊದಲೇ ಕೇಳುತ್ತೇನೆ.

ಈಗ ನೋಟ್‌ಬುಕ್ಕಿನ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ದುಡಿದಿದ್ದ ಒಬ್ಬ ಕ್ವಾಲಿಟಿ ಎಂಜಿನಿಯರ್ ಇದ್ದರು. ಅಲ್ಲಿ 29,000, ಪೀಣ್ಯದಲ್ಲಿ 38,000. ಸಂದರ್ಶನ ಚೆನ್ನಾಗಿ ಆಯಿತು, ಆಫರ್ ಬಂತು, ಸಹಿ ಆಯಿತು, ರಾಜೀನಾಮೆ ಕೊಟ್ಟೆ ಎಂದೂ ಹೇಳಿದರು. ಸೇರಬೇಕಾದ ಸೋಮವಾರ ಫೋನ್ ಸ್ವಿಚ್ ಆಫ್. ಗೇಟಿನಲ್ಲಿ ಎಚ್‌ಆರ್ ಕಾಯುತ್ತಿದ್ದಾರೆ, ನಾನು ಐದು ನಿಮಿಷಕ್ಕೊಮ್ಮೆ ಕರೆ ಮಾಡುತ್ತಿದ್ದೇನೆ. ಹನ್ನೊಂದು ದಿನಗಳ ನಂತರ ಅವರೇ ಫೋನ್ ಮಾಡಿ ಕ್ಷಮೆ ಕೇಳಿದರು. ಅವರ ಹೆಂಡತಿ ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಆ ಕೆಲಸ ಸಿಗುವುದೇ ಸ್ಥಳೀಯರಿಗೆ. ಬೆಂಗಳೂರಿಗೆ ಬಂದರೆ ಬಿಟ್ಟೇ ಬರಬೇಕು. ಹೆಂಡತಿಯ ಗೌರವಧನ ನಿಂತು, ಇಲ್ಲಿ ಬಾಡಿಗೆ ಶುರುವಾದರೆ ಹೆಚ್ಚುವ ಒಂಬತ್ತು ಸಾವಿರ ಎಲ್ಲಿ ಉಳಿಯುತ್ತದೆ? ‘ಮೊದಲೇ ಹೇಳಬಾರದಿತ್ತೇ ಸರ್?’ ಎಂದೆ. ‘ನೀವು ಕೇಳಲಿಲ್ಲವಲ್ಲ ಮೇಡಂ’ ಎಂದರು.

ಆ ಮಾತು ನಿಜ. ನಾನು ನೋಟಿಸ್ ಅವಧಿ ಕೇಳಿದ್ದೆ, ಪ್ಯಾನ್ ಕಾರ್ಡ್ ಕೇಳಿದ್ದೆ, ಪಿಎಫ್ ಖಾತೆಯ ಯುಎಎನ್ ಸಂಖ್ಯೆಯನ್ನೂ ಕೇಳಿದ್ದೆ. ಊರು ಬಿಡುವ ಮಾತನ್ನು ಮನೆಯಲ್ಲಿ ಆಡಿದ್ದೀರಾ ಎಂದು ಕೇಳಿರಲಿಲ್ಲ. ಈಗ ಪ್ರತಿ ಅಭ್ಯರ್ಥಿಗೂ ಒಂದು ಪುಟ ಇಡುತ್ತೇನೆ: ಮನೆಯಲ್ಲಿ ಇನ್ನಾರು ದುಡಿಯುತ್ತಾರೆ, ಮಕ್ಕಳು ಯಾವ ತರಗತಿ, ಸಾಲದ ಕಂತು ಇದೆಯೇ, ಬಂದರೆ ಎಲ್ಲಿ ಉಳಿದುಕೊಳ್ಳುತ್ತಾರೆ. ಇವನ್ನು ತನಿಖೆಯಂತೆ ಕೇಳಬಾರದು. ಎರಡನೆಯ, ಮೂರನೆಯ ಕರೆಯಲ್ಲಿ, ಊರಿನ ಮಳೆ ಬೆಳೆಯ ಮಾತಿನ ನಡುವೆ ತಾವಾಗಿಯೇ ಬರುತ್ತವೆ. ಹೇಳಲು ಇಷ್ಟವಿಲ್ಲದವರನ್ನು ಕೆದಕಬೇಡಿ. ಆ ಪುಟ ನಿಮ್ಮ ಮೇಜಿನ ಡ್ರಾಯರ್ ಬಿಟ್ಟು ಆಚೆ ಹೋಗಕೂಡದು. ಕಾರ್ಖಾನೆಯವರಿಗೆ ಅದರ ಒಂದು ಅಕ್ಷರವೂ ತಿಳಿಯಬಾರದು. ಮನೆಯ ಕಷ್ಟ ತಿಳಿದರೆ ಸಂಬಳದ ಚೌಕಾಸಿಗೆ ಬಳಸಿಕೊಳ್ಳುವವರನ್ನು ನಾನು ನೋಡಿದ್ದೇನೆ.

ಪಂಚಾಂಗ ಇಟ್ಟುಕೊಳ್ಳಿ. ನಗಬೇಡಿ. ಆಷಾಢದಲ್ಲಿ ಹೊಸ ಕೆಲಸಕ್ಕೆ ಸೇರಲು ಅರ್ಧದಷ್ಟು ಜನ ಹಿಂಜರಿಯುತ್ತಾರೆ. ‘ಸ್ವಲ್ಪ ಮನೆ ಕೆಲಸ ಇದೆ, ಮುಂದಿನ ತಿಂಗಳು ಬರುತ್ತೇನೆ’ ಎಂದರೆ ಭೀಮನ ಅಮಾವಾಸ್ಯೆ ಕಳೆಯಲಿ ಎಂದೇ ಅರ್ಥ. ಆಫರ್ ಕೊಡಿಸುವಾಗಲೇ ತಾರೀಖನ್ನು ನೋಡಿ, ಒಂದೋ ಆಷಾಢಕ್ಕೆ ಮುಂಚೆ, ಇಲ್ಲವೇ ಶ್ರಾವಣಕ್ಕೆ ಗೊತ್ತುಮಾಡಿಸಿ. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಎಚ್‌ಆರ್ ಎಂಟೂವರೆಗೆ ಬರಲು ಹೇಳಿದ್ದರೆ ಹುಡುಗ ಏಳು ಗಂಟೆಗೇ ಬಂದು ಗೇಟಿನೊಳಗೆ ಕಾಲಿಟ್ಟಿರುತ್ತಾನೆ, ಇಲ್ಲವೇ ಎದುರಿನ ಟೀ ಅಂಗಡಿಯಲ್ಲಿ ಒಂಬತ್ತಾಗಲಿ ಎಂದು ಕಾಯುತ್ತಿರುತ್ತಾನೆ. ಇದು ಗೊತ್ತಿದ್ದರೆ ನಿಮ್ಮ ರಕ್ತದೊತ್ತಡ ಏರುವುದಿಲ್ಲ. ಆಯುಧಪೂಜೆ, ದೀಪಾವಳಿಯ ಹೊತ್ತಿಗೆ ಬೋನಸ್ ಇರುತ್ತದೆ. ಅದು ಕೈಸೇರುವವರೆಗೆ ಬುದ್ಧಿಯಿರುವ ಯಾರೂ ರಾಜೀನಾಮೆ ಕೊಡುವುದಿಲ್ಲ. ಸೆಪ್ಟೆಂಬರಿನಲ್ಲಿ ‘ತಕ್ಷಣ ಹತ್ತು ಜನ ಬೇಕು’ ಎನ್ನುವ ಕಾರ್ಖಾನೆಗೆ ಈ ಮಾತನ್ನು ಮೊದಲೇ ಹೇಳಿಬಿಡಿ.

ತಮಾಷೆಯೆಂದರೆ ಕನಿಷ್ಠ ಬೋನಸ್ ಶೇ 8.33, ನಮ್ಮ ಶುಲ್ಕವೂ ಸಾಮಾನ್ಯವಾಗಿ ವರ್ಷದ ಸಂಬಳದ ಶೇ 8.33. ಹನ್ನೆರಡರಲ್ಲಿ ಒಂದು, ಅಂದರೆ ಒಂದು ತಿಂಗಳ ಸಂಬಳ. 25,000ದ ಕೆಲಸಕ್ಕೆ 25,000 ಶುಲ್ಕ, ಮೇಲೆ ಶೇ 18 ಜಿಎಸ್‌ಟಿ 4,500. ಕೊಡುವವರು ಕಾರ್ಖಾನೆಯವರು. ತೊಂಬತ್ತು ದಿನಗಳೊಳಗೆ ಹುಡುಗ ಬಿಟ್ಟರೆ ಉಚಿತವಾಗಿ ಬದಲಿ ಜನ ಕೊಡಬೇಕು, ಇದು ನಮ್ಮ ಒಪ್ಪಂದಗಳಲ್ಲಿ ಕಾಯಂ. ಹಣ ಕೊಡದೆ ಸತಾಯಿಸುವವರೂ ಇರುತ್ತಾರೆ. ನಮ್ಮಂಥ ಸಣ್ಣ ಸಂಸ್ಥೆ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿಕೊಂಡಿದ್ದರೆ ಬಾಕಿ 45 ದಿನಗಳೊಳಗೆ ಬರಬೇಕೆಂದು ಸಣ್ಣ ಉದ್ಯಮಗಳ 2006ರ ಕಾನೂನೇ ಹೇಳುತ್ತದೆ. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಅಚ್ಚು ಹಾಕಿಸಿದ ಮೇಲೆ ಕೆಲವರ ‘ಮುಂದಿನ ವಾರ’ ಬೇಗ ಬರತೊಡಗಿತು.

ಅಭ್ಯರ್ಥಿಯಿಂದ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಸೇರಿದ ಮೇಲೆ ತಂದುಕೊಡುವ ಧಾರವಾಡ ಪೇಡ ತಿನ್ನಬಹುದು. ‘ದುಬೈಗೆ ಕಳುಹಿಸಿ’ ಎಂದು ಯಾರಾದರೂ ಕೇಳಿದರೆ, ಅದಕ್ಕೆ 1983ರ ವಲಸೆ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕು, ನಮಗಿಲ್ಲ ಎಂದು ಹೇಳಿ, ನೋಂದಾಯಿತ ಏಜೆಂಟರ ಪಟ್ಟಿಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ತೋರಿಸಿ.

ರೆಸ್ಯೂಮ್ ತಿದ್ದುವಾಗ ಕಾಗುಣಿತ ತಿದ್ದಿ, ವರ್ಷಗಳನ್ನು ತಿದ್ದಬೇಡಿ. ಯಾವ ಕಂಪನಿಯಲ್ಲಿ ಯಾವಾಗ ಸೇರಿದ, ಯಾವಾಗ ಬಿಟ್ಟ ಎಂಬುದು ಪಿಎಫ್ ದಾಖಲೆಯಲ್ಲಿ ಕುಳಿತಿರುತ್ತದೆ. 2020ರಲ್ಲಿ ಲಾಕ್‌ಡೌನ್ ಆಗಿ ಎಂಟು ತಿಂಗಳು ಊರಿನಲ್ಲಿ ಹೊಲ ನೋಡಿಕೊಂಡಿದ್ದರೆ ಹಾಗೆಯೇ ಬರೆಯಲು ಹೇಳಿ.

ಒಂದು ಕಿರಿಕಿರಿ ಆಗಾಗ ಬರುತ್ತದೆ. ‘ಮದುವೆಯಾದ ಹೆಣ್ಣುಮಕ್ಕಳು ಬೇಡ’, ‘ಆ ಕಡೆಯವರು ಬೇಡ’ ಎಂದು ಕೆಲವರು ಫೋನಿನಲ್ಲಿ ದನಿ ತಗ್ಗಿಸಿ ಹೇಳುತ್ತಾರೆ. ವಾದ ಮಾಡಿ ದಣಿದಿದ್ದೇನೆ. ಈಗ ‘ಸರಿ ಸರ್, ಇದನ್ನೇ ಒಂದು ಇಮೇಲ್ ಮಾಡಿಬಿಡಿ, ಫೈಲಿಗೆ ಬೇಕು’ ಎನ್ನುತ್ತೇನೆ. ಇದುವರೆಗೆ ಒಂದೂ ಇಮೇಲ್ ಬಂದಿಲ್ಲ. ಯೋಗ್ಯರಾದ ಎಲ್ಲರ ಹೆಸರನ್ನೂ ಕಳುಹಿಸುತ್ತೇನೆ. ಒಬ್ಬ ಕ್ಲೈಂಟ್ ಇದೇ ಕಾರಣಕ್ಕೆ ನಮ್ಮನ್ನು ಬಿಟ್ಟರು, ಹೋಗಲಿ.

ಸೇರಿದ ದಿನವೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಅಂದು ಸಂಜೆ ಒಂದು ಕರೆ, ಏಳನೆಯ ದಿನ ಒಂದು, ಮೊದಲ ಸಂಬಳದ ದಿನ ಒಂದು. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ ಮೇಡಂ’ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ‘ಊಟ ಎಲ್ಲಿ?’, ‘ಯಾವ ಪಾಳಿ ಹಾಕಿದ್ದಾರೆ?’, ‘ಕೈಗೆ ಎಷ್ಟು ಬಂತು?’ ಎಂದು ಕೇಳಿ. ಹೇಳಿದ್ದಕ್ಕಿಂತ ಎಂಟುನೂರು ಕಡಿಮೆ ಬಂದಿದ್ದರೆ ಆ ದಿನವೇ ಎಚ್‌ಆರ್ ಬಳಿ ವಿಚಾರಿಸಿ. ಹಲವರು ಬಿಟ್ಟು ಹೋಗುವುದು ಇಂಥ ಎಂಟುನೂರಕ್ಕೆ.

ತೊಂಬತ್ತೊಂದನೆಯ ದಿನ ಆ ಪುಟಕ್ಕೆ ಅಡ್ಡಗೆರೆ ಎಳೆಯಿರಿ. ಹರಿಯಬೇಡಿ. ಎರಡು ವರ್ಷ ಕಳೆದು ಅವನೇ ಫೋನ್ ಮಾಡುತ್ತಾನೆ: ‘ಮೇಡಂ, ತಮ್ಮ ಐಟಿಐ ಮುಗಿಸಿದ್ದಾನೆ, ಎಲ್ಲಾದರೂ ಇದೆಯೇ?’