ಗ್ರೂಪ್ ಪ್ರಾಜೆಕ್ಟ್‌ನಲ್ಲಿ ‘ಓಕೆ’ ಎಂದರೆ ಸಾಲದು

ಡೊಂಬಿವಲಿಯ ಹುಡುಗ, ಮೀರಾ ರೋಡ್‌ನ ಹುಡುಗಿ, ನೆರೂಲ್‌ನ ಇನ್ನಿಬ್ಬರು. ಮುಂಬೈ ಕಾಲೇಜಿನ ಪ್ರಾಜೆಕ್ಟ್ ತಂಡಗಳು ಹೆಚ್ಚಾಗಿ ಹೀಗೇ ಇರುತ್ತವೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ‘ಓಕೆ’ ಒತ್ತುತ್ತಾರೆ, ಸಬ್ಮಿಷನ್‌ ಹಿಂದಿನ ರಾತ್ರಿ ಎಚ್ಚರವಿರುವವರು ಒಬ್ಬರೇ.

ಮೊದಲ ಕೆಲಸ, ಪ್ರತಿ ಭಾಗಕ್ಕೂ ಒಂದು ಹೆಸರು, ಒಂದು ತಾರೀಖು ಬರೆಯುವುದು. ‘ಸರ್ವೇ ನಾವೆಲ್ಲ ಸೇರಿ ಮಾಡೋಣ’ ಎಂದರೆ ಯಾರೂ ಮಾಡುವುದಿಲ್ಲ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬ ಗಾದೆಗೆ ಲೆಕ್ಕದ ಆಧಾರವೂ ಇದೆ. ಫ್ರಾನ್ಸ್‌ನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಂಟು ಮಂದಿ ಒಟ್ಟಾಗಿ ಹಗ್ಗ ಎಳೆದಾಗ ತಲಾ ಬಿದ್ದ ಬಲ, ಒಬ್ಬರೇ ಎಳೆದಾಗಿನ ಸುಮಾರು ಅರ್ಧದಷ್ಟೇ. ಗುಂಪಿನಲ್ಲಿ ಕೂಗಲು ಹೇಳಿದ ಅಮೆರಿಕದ ಪ್ರಯೋಗಗಳಲ್ಲೂ ಜನ ದನಿ ಉಳಿಸಿಕೊಂಡರು. ಪ್ರತಿಯೊಬ್ಬರ ದನಿಯನ್ನೂ ಬೇರೆಯಾಗಿ ಅಳೆಯುತ್ತಾರೆಂದು ಗೊತ್ತಾದಾಗ ಗಂಟಲು ಬಿಚ್ಚಿದರು. ಹೆಸರು ಬರೆಯುವುದು ಅದಕ್ಕೇ.

ಭೇಟಿ ಭಾನುವಾರವಾದರೆ ಮೆಗಾ ಬ್ಲಾಕ್ (ಹಳಿ ದುರಸ್ತಿಗಾಗಿ ಲೋಕಲ್ ರೈಲುಗಳನ್ನು ಕೆಲವು ಗಂಟೆ ನಿಲ್ಲಿಸುವುದು ಅಥವಾ ಬೇರೆ ಹಳಿಗೆ ತಿರುಗಿಸುವುದು) ಯಾವ ಲೈನಿನಲ್ಲಿದೆ ಎಂದು ಹಿಂದಿನ ದಿನವೇ ನೋಡಿ. ಮಾಟುಂಗಾ ಅನುಕೂಲ: ಸೆಂಟ್ರಲ್‌ನ ಮಾಟುಂಗಾ, ವೆಸ್ಟರ್ನ್‌ನ ಮಾಟುಂಗಾ ರೋಡ್ ನಡೆದು ಹೋಗುವಷ್ಟು ಹತ್ತಿರ. ನೆರೂಲ್‌ನವರು ಕುರ್ಲಾದಲ್ಲಿ ಗಾಡಿ ಬದಲಿಸಿದರಾಯಿತು. ಫಿಲ್ಟರ್ ಕಾಫಿಗೂ ಕೊರತೆಯಿಲ್ಲ. ಸಂಜೆ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರುವ ಗೆಳೆಯನಿದ್ದರೆ ಏಳು ಗಂಟೆಗೆ ಕಾಲ್ ಇಡಬೇಡಿ. ಇನ್ನೊಂದು ಮಾತು, ಇದು ನಮ್ಮವರಿಗೇ: ತಂಡದಲ್ಲಿ ಇಬ್ಬರು ಕನ್ನಡದಲ್ಲೋ ತುಳುವಿನಲ್ಲೋ ಮಾತಿಗಿಳಿದರೆ ಮರಾಠಿ ಹುಡುಗಿ ಫೋನ್ ನೋಡುತ್ತಾ ಕೂರುತ್ತಾಳೆ.

ಕೆಲಸ ತಡವಾಗುವಂತಿದ್ದರೆ ಗಡುವಿಗೆ ಮುಂಚೆಯೇ ಹೇಳಿ. ಬರೀ ‘ಸಾರಿ’ ಬೇಡ. ‘ಇವತ್ತು ಆಗಲ್ಲ, ನಾಳೆ ಸಂಜೆ ಕೊಡ್ತೀನಿ, ಗ್ರಾಫ್ ಮಾತ್ರ ಯಾರಾದ್ರೂ ನೋಡ್ತೀರಾ?’ ಎಂದರೆ ಉಳಿದವರಿಗೆ ದಾರಿ ಕಾಣುತ್ತದೆ.

ಎಲ್ಲವನ್ನೂ ತಾನೇ ಹೊತ್ತುಕೊಳ್ಳುವವರೂ ಒಳ್ಳೆಯ ಸದಸ್ಯರಲ್ಲ ಎಂಬುದು ನನ್ನ ಅಭಿಪ್ರಾಯ. ಬೇರೆಯವರು ಬರೆದದ್ದು ಸರಿಯಿಲ್ಲ ಅನಿಸಿದರೆ ಸದ್ದಿಲ್ಲದೆ ಅಳಿಸಬೇಡಿ, ಗೂಗಲ್ ಡಾಕ್ಸ್‌ನಲ್ಲಿ ಕಾಮೆಂಟ್ ಹಾಕಿ. ಯಾರು ಏನು ತಿದ್ದಿದರು ಎಂಬುದು ವರ್ಷನ್ ಹಿಸ್ಟರಿಯಲ್ಲಿ ಹೇಗೂ ಸಿಗುತ್ತದೆ.

ಕೈ ಕೊಡುವವರನ್ನು ಗುಂಪಿನಲ್ಲಿ ಚುಚ್ಚುವ ಬದಲು ಒಬ್ಬರನ್ನೇ ಕರೆದು ಕೇಳಿ. ಆಗಲೂ ಆಗದಿದ್ದರೆ ಗೈಡ್‌ಗೆ ಹೇಳುವ ಸಮಯ ಸಬ್ಮಿಷನ್‌ಗೆ ವಾರವಿರುವಾಗ, ಮಾರ್ಕ್ಸ್ ಬಂದ ಮೇಲಲ್ಲ.

ವೈವಾ ಹಿಂದಿನ ದಿನ ಭಾಗಗಳನ್ನು ಅದಲುಬದಲು ಮಾಡಿ ಓದಿ, ಪರಸ್ಪರ ಪ್ರಶ್ನೆ ಕೇಳಿಕೊಳ್ಳಿ. ‘ಅದು ಅವನು ಮಾಡಿದ್ದು ಸರ್’ ಎಂಬ ಉತ್ತರಕ್ಕೆ ಮಾರ್ಕ್ಸ್ ಸಿಗುವುದಿಲ್ಲ.